ವರ್ಷ ವರ್ಷ ಫೇಲಾಗೋ ಗಾಡಿ

ಕನ್ನಡಕದ ಅಂಗಡಿಯವರ ಮನೆ ಅಂಗಳದ ಮುಂದೆ ಹೋಗ್ಬೇಕಾಗಿ ಬಂದ್ರೆ ಈಗ್ಲೂ ನಾನು ಆಚೆ ಬೀದಿ ಸುತ್ತಿಕೊಂಡು ಹೋಗ್ತೀನಿ. ಕಲಿಯೋಕೆ ಬಂದವರು "ಯಾಕೆ ಟೀಚರ್, ಇದೇ ನೇರ ದಾರಿ ಅಲ್ವಾ?" ಅಂತ ಕೇಳಿದ್ರೆ, "ತಿರುವು ಅಭ್ಯಾಸ ಆಗ್ಲಿ, ಸುಮ್ನೆ ತಿರುಗಿಸು" ಅಂತ ಗದರಿಸ್ತೀನಿ. ಗದರಿಸೋದು ನನಗೆ ಚೆನ್ನಾಗಿ ಬರುತ್ತೆ. ಬರೋದು ಅದೊಂದೇ ಅಂತ ಈಗೀಗ ಅನ್ನಿಸ್ತಿದೆ.

ನಾನು ಡ್ರೈವಿಂಗ್ ಕಲಿಸೋಳು. "ಬ್ರೇಕ್, ಬ್ರೇಕ್, ಅಯ್ಯೋ ಬ್ರೇಕ್ ಅಂದ್ನಲ್ಲಪ್ಪಾ" ಅಂತ ಪಕ್ಕದ ಸೀಟಲ್ಲಿ ಕೂತು ಕಿರುಚಿ ಕಿರುಚಿ ಈ ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದೀನಿ. ನಿನ್ನ ಬಾಯಿಗೆ ಬೀಗ ಇಲ್ಲ ಅಂತ ನಮ್ಮಮ್ಮ ಬೈತಿದ್ಲು. ಬೀಗ ಹಾಕ್ಕೊಂಡು ಡ್ರೈವಿಂಗ್ ಕಲಿಸೋದು ಹೇಗೆ ಅಂತ ನಾನು ವಾಪಸ್ ಕೇಳ್ತಿದ್ದೆ.

ಕಲಿಸೋದರ ಜೊತೆಗೆ ಇನ್ನೊಂದು ದೊಡ್ಡಸ್ತಿಕೆ ಇತ್ತು ನನಗೆ. ಇಲ್ಲಿ ಪ್ರತಿ ಗಾಡೀನೂ ವರ್ಷಕ್ಕೊಂದ್ಸಲ ತಪಾಸಣೆಗೆ ಹೋಗ್ಬೇಕು. ಪಾಸೋ ಫೇಲೋ, ಫೇಲಾದ್ರೆ ಯಾವುದಕ್ಕೆ, ಎಲ್ಲಾ ಆ ಗಾಡಿ ನಂಬರಿಗೆ ಅಂಟಿಕೊಂಡು ಉಳಿಯುತ್ತೆ. ಫೋನಲ್ಲಿ ನಂಬರ್ ಹಾಕಿದ್ರೆ ಯಾರು ಬೇಕಾದ್ರೂ ನೋಡಬಹುದು. ಹಳೇ ಗಾಡಿ ಕೊಳ್ಳೋರು ಮೊದಲು ನನ್ನ ಹತ್ರ ಬರ್ತಿದ್ರು, "ಟೀಚರ್, ಇದರ ಜಾತಕ ಸ್ವಲ್ಪ ನೋಡಿ" ಅಂತಿದ್ರು. ನಾನು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು, ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ, "ತಗೋ" ಅಥವಾ "ಮುಟ್ಟಬೇಡ" ಅಂತ ಹೇಳ್ತಿದ್ದೆ. ಒಂದೂ ಫೇಲಿಲ್ಲದ ಗಾಡಿ ಚಿನ್ನ, ಫೇಲಿದ್ರೆ ಪೀಡೆ. ಇಷ್ಟೇ ನನ್ನ ವಿದ್ಯೆ. ಇದಕ್ಕೇ ನನ್ನನ್ನ ಪಂಡಿತೆ ಮಾಡಿಟ್ಟಿದ್ರು.

ನಮ್ಮನೆ ಗಾಡಿಗಳಲ್ಲಿ ಮಾತ್ರ ಫೇಲು ಅನ್ನೋ ಮಾತೇ ಇರ್ಲಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ. ನನ್ನಣ್ಣ ಮೆಕ್ಯಾನಿಕ್ಕು, ತಪಾಸಣಾ ಕೇಂದ್ರದ ಹಿಂದಿನ ಬೀದೀಲೇ ಅವನ ಶೆಡ್ಡು. ತಮ್ಮ ಟ್ಯಾಕ್ಸಿ ಓಡಿಸ್ತಾನೆ. ಮೂರೂ ಜನದ್ದು ಒಂದೇ ಮಾಡೆಲ್ ಗಾಡಿ, ಒಂದೇ ಅಳತೆ ಚಕ್ರ. ಅಣ್ಣನ ಶೆಡ್ಡಿನ ಮೂಲೇಲಿ ತಾರ್ಪಾಲಿನ ಕೆಳಗೆ ನಾಲ್ಕು ಒಳ್ಳೊಳ್ಳೆ ಟೈರಿದ್ವು. ಬೇರೆದರ ಜೊತೆ ಬೆರೆತು ಹೋಗಬಾರದು ಅಂತ ಒಂದೊಂದಕ್ಕೂ ನೀಲಿ ಬಣ್ಣದ ಬೊಟ್ಟು. ಯಾರ ಗಾಡಿ ಟೆಸ್ಟಿಗೆ ಹೋಗುತ್ತೋ ಅದಕ್ಕೆ ಬೆಳಿಗ್ಗೆ ಅವನ್ನ ಹಾಕೋದು, ಪಾಸಾಗಿ ಬಂದ್ಮೇಲೆ ಬಿಚ್ಚಿ ಸವೆದ ಟೈರೇ ವಾಪಸ್ ಹಾಕೋದು. ಆ ನಾಲ್ಕಕ್ಕೂ ನಾವಿಟ್ಟ ಹೆಸರು 'ಬೀಗರು'. ಬರ್ತಾರೆ, ಮರ್ಯಾದೆ ಮಾಡಿಸ್ಕೋತಾರೆ, ಸಂಜೆಗೆ ಹೊರಡ್ತಾರೆ. ನಾವು ಇದನ್ನ ಹೇಳ್ಕೊಂಡು ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ವಿ. ಮೋಸ ಅಂತ ಅನ್ನಿಸೇ ಇರ್ಲಿಲ್ಲ. ಫೋಟೋ ತೆಗೆಸ್ಕೊಳ್ಳೋಕೆ ಹೋಗೋವಾಗ ಒಳ್ಳೆ ಬಟ್ಟೆ ಹಾಕ್ಕೊಳ್ಳಲ್ವಾ, ಹಾಗೆ ಅಂದ್ಕೊಂಡಿದ್ದೆ.

ನನ್ನ ಮಗಳು ನರ್ಸು. ಮನೆಮನೆಗೆ ಹೋಗಿ ಬಾಣಂತಿಯರನ್ನ, ಹಾಸಿಗೆ ಹಿಡಿದವರನ್ನ ನೋಡ್ಕೊಳ್ಳೋ ಕೆಲಸ ಸಿಕ್ತು ಅವಳಿಗೆ. ಅವಳ ಪಾಲಿಗೆ ಬಂದಿದ್ದು ಗುಡ್ಡದ ಮೇಲಿನ ಮನೆಗಳು. ಸ್ವಂತ ಗಾಡಿ ಇರಲೇಬೇಕು, ಮುಂದಿನ ತಿಂಗಳು ಹುಟ್ಟೋದ್ರೊಳಗೆ ಗಾಡಿ ಇಲ್ಲದಿದ್ರೆ ಕೆಲಸ ಬೇರೆಯವಳಿಗೆ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಿದ್ರು. ಅವಳೇ ಹುಡುಕಿ ಹುಡುಕಿ ಒಂದು ಗಾಡಿ ಇಷ್ಟಪಟ್ಟಳು. ಮಾರ್ತಿದ್ದವರು ಪೇಟೆ ಮೂಲೇಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡೋ ಅಂಗಡಿಯವರು. ವಯಸ್ಸಾಯ್ತು, ಇನ್ನು ಓಡಿಸೋದು ಬೇಡ ಅಂತ ಮಾರ್ತಿದ್ರು. "ಅಮ್ಮಾ, ನೀನೊಂದ್ಸಲ ಬಂದು ನೋಡು, ಸಾಕು" ಅಂದ್ಲು.

ಹೋದೆ. ನಾಲ್ಕಂತಸ್ತಿನ ಮನೆಗಳ ನಡುವೆ ಸಿಮೆಂಟ್ ಅಂಗಳ. ಒಬ್ಬ ಬಾಲ್ಕನೀಲಿ ಬೂಟು ಉಜ್ಜುತ್ತಿದ್ದ, ಒಬ್ಬಾಕೆ ಬಟ್ಟೆ ಒಣಹಾಕ್ತಿದ್ಲು, ಇಬ್ಬರೂ ನನ್ನ ಹತ್ರ ಕಲಿತವರೇ. "ಓ, ಟೀಚರ್ ಬಂದ್ರು!" ಅಂತ ಕಿಟಕಿಗಳು ತೆರೆದವು. ನೋಡೋರಿದ್ರೆ ನನಗೆ ಹುಮ್ಮಸ್ಸು ಜಾಸ್ತಿ. ಗಾಡಿ ನಮ್ಮ ಮಾಡೆಲ್ಲೇ, ತೊಳೆದು ನಿಲ್ಲಿಸಿದ್ರು. ಕನ್ನಡಕದವರು ಸಣ್ಣ ದನಿಯ, ತೆಳ್ಳಗಿನ ಮನುಷ್ಯ, ಅಂಗಿಯ ಗುಂಡಿ ಕುತ್ತಿಗೆ ತನಕ ಹಾಕಿದ್ರು. ಅವರ ಹೆಂಡತಿ ಮೆಟ್ಟಿಲ ಮೇಲೆ ಟೀ ಲೋಟಗಳ ತಟ್ಟೆ ಹಿಡ್ಕೊಂಡು ನಿಂತಿದ್ರು.

ನಾನು ಗಾಡಿ ಕಡೆ ನೋಡ್ಲೇ ಇಲ್ಲ. ನಂಬರ್ ಹಾಕಿ ಫೋನ್ ನೋಡಿದೆ. ನೋಡಿದ್ರೆ ಏನು, ವರ್ಷ ವರ್ಷವೂ ಫೇಲು! ಒಂದು ವರ್ಷ ಬ್ರೇಕ್ ಪೈಪಿನಲ್ಲಿ ಬಿರುಕು. ಒಂದು ವರ್ಷ ಮುಂದಿನ ಟೈರು ಸವೆದಿದೆ. ಇನ್ನೊಂದು ವರ್ಷ ಹೆಡ್‌ಲೈಟು ದಾರಿ ಬಿಟ್ಟು ಮರದ ಕಡೆ ನೋಡ್ತಿದೆ. ಪ್ರತಿ ಸಲ ಮೊದಲು ಫೇಲು, ವಾರದೊಳಗೆ ಪಾಸು.

"ಏನ್ರೀ ಇದು?" ಅಂದೆ. ಮೇಲಿನ ಅಂತಸ್ತಿಗೂ ಕೇಳೋ ಹಾಗೇ ಅಂದೆ. "ಒಂದು ವರ್ಷಾನೂ ಮೊದಲನೇ ಸಲಕ್ಕೆ ಪಾಸಾಗಿಲ್ವಲ್ಲ!"

"ಹೌದಮ್ಮಾ," ಅಂದ್ರು ಅವರು. "ನನಗೆ ಗಾಡಿ ವಿಷಯ ಏನೂ ತಿಳಿಯಲ್ಲ. ಹೇಗಿದೆಯೋ ಹಾಗೇ ತಗೊಂಡು ಹೋಗ್ತೀನಿ. ಇಂಥದ್ದು ಕೆಟ್ಟಿದೆ ಅಂತ ಅವರು ಹೇಳ್ತಾರೆ, ಅಷ್ಟನ್ನೂ ಮಾಡಿಸಿ ಮತ್ತೆ ತೋರಿಸ್ತೀನಿ. ಕಣ್ಣು ಪರೀಕ್ಷೆಗೆ ಬರೋರಲ್ಲಿ ಕೆಲವರು ಅಕ್ಷರದ ಪಟ್ಟಿ ಬಾಯಿಪಾಠ ಮಾಡ್ಕೊಂಡು ಬರ್ತಾರೆ. ಪಾಸೇನೋ ಆಗ್ತಾರೆ. ಆದ್ರೆ ಕಣ್ಣು—"

"ಕಣ್ಣಿನ ಕತೆ ಬಿಡಿ, ಗಾಡಿ ಕತೆ ಹೇಳಿ," ಅಂತ ಅಲ್ಲಿಗೇ ಕತ್ತರಿಸಿದೆ. "ವರ್ಷ ವರ್ಷ ಫೇಲಾಗೋ ಗಾಡೀನ ನನ್ನ ಮಗಳ ತಲೆಗೆ ಕಟ್ಟೋಕೆ ನೋಡ್ತಿದೀರಾ? ಗುಡ್ಡದ ದಾರೀಲಿ ಓಡಾಡೋ ಹುಡುಗಿ ಅದು. ಮರ್ಯಾದಸ್ಥರ ಥರ ಕಾಣ್ತೀರ, ಒಂದು ಚೂರು ನಾಚಿಕೆ ಬೇಡ್ವಾ?"

ಬೂಟು ಉಜ್ಜುತ್ತಿದ್ದವನು ಪಕಪಕ ನಕ್ಕ. ಕನ್ನಡಕದವರ ಕಿವಿ ಕೆಂಪಾಯ್ತು. "ಮುಂದಿನ ವಾರ ಈ ವರ್ಷದ ತಪಾಸಣೆ ಇದೆ. ಅದಾದ್ಮೇಲೆ ಅವರು ಹೇಳಿದ್ದು ಮಾಡಿಸಿಯೇ ಕೊಡ್ತೀನಿ ಅಂತ ಮಗೂಗೆ ಹೇಳಿದ್ದೆ," ಅಂದ್ರು.

"ಮತ್ತೆ ಫೇಲಾಗೋದನ್ನ ನೋಡೋಕೆ ಕಾಯ್ಬೇಕಾ ನಾವು? ಚೆನ್ನಾಗಿದೆ!" ಅಂದೆ. ಆಗ ಎಲ್ಲಾ ಕಿಟಕೀನೂ ನಕ್ಕವು. ಅವರ ಹೆಂಡತಿ ತಟ್ಟೆ ಎತ್ಕೊಂಡು ಒಳಗೆ ಹೋಗಿಬಿಟ್ರು. ಟೀಯನ್ನ ನಾವಿನ್ನೂ ಮುಟ್ಟಿರ್ಲಿಲ್ಲ. ಮಗಳು ನನ್ನ ತೋಳು ಹಿಡಿದು ಬೀದಿ ತಿರುವಿನ ತನಕ ಎಳ್ಕೊಂಡು ಹೋದಳು. ನಾನು ಮಾತ್ರ ಗೆದ್ದವಳ ಹಾಗೆ ನಡೀತಿದ್ದೆ.

ತಮ್ಮ ಆಗಷ್ಟೇ ದೊಡ್ಡ ಗಾಡಿ ತಗೊಂಡಿದ್ದ. ಹಳೇದು ಮನೆ ಮುಂದೆ ಸುಮ್ನೆ ನಿಂತಿತ್ತು. ಅದರ ಜಾತಕ ತೆಗೆದು ಮಗಳ ಮುಖದ ಮುಂದೆ ಹಿಡಿದೆ. "ನೋಡು, ಹಾಲಿನ ಹಾಗಿದೆ, ಒಂದು ಚುಕ್ಕೆ ಇಲ್ಲ. ಮನೇಲೇ ಬೆಣ್ಣೆ ಇಟ್ಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದ ಹಾಗಾಯ್ತು ನಮ್ಮದು."

"ಅಮ್ಮಾ, ಇದು ಬೀಗರು ಪಾಸು ಮಾಡಿದ್ದು," ಅಂದ್ಲು.

"ಬರೀ ಟೈರು ತಾನೇ? ನಾಲ್ಕಕ್ಕೂ ಹೊಸದು ಹಾಕಿಸ್ಕೊಡ್ತೀನಿ, ಆಯ್ತಾ? ಮಿಕ್ಕಿದ್ದೆಲ್ಲಾ ನಿನ್ನ ದೊಡ್ಡಮಾಮ ನೋಡ್ಕೊಂಡಿರೋ ಗಾಡಿ."

ಅಣ್ಣನಿಗೆ ಹೇಳೋಕೂ ಹೋಗದೆ ಪೇಟೆಯ ಟೈರ್ ಅಂಗಡೀಲೇ ಹೊಸ ಟೈರು ಹಾಕಿಸಿದೆ. ಮಾರನೇ ದಿನ ಬೆಳಿಗ್ಗೆ ತಮ್ಮನ ಹತ್ರ ಕೀ ಇಸ್ಕೊಂಡು ಇಬ್ಬರೂ ಗುಡ್ಡ ಹತ್ತಿದ್ವಿ. ಅವಳು ಓಡಿಸ್ತಿದ್ಲು, ನಾನು ಪಕ್ಕದಲ್ಲಿ. ಹತ್ತೋವಾಗ ಏನೂ ಇಲ್ಲ, ಹಾಡು ಗುನುಗುತ್ತಾ ಹೋದೆ. ಇಳಿಯೋವಾಗ ಮೊದಲನೇ ತಿರುವಲ್ಲೇ ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಸದ್ದು ಬಂತು. ಎರಡನೇ ತಿರುವಲ್ಲಿ ಅವಳು ಅಂದ್ಲು, "ಅಮ್ಮಾ, ಬ್ರೇಕ್ ಹಿಡೀತಿಲ್ಲ."

ನಾನು ನನ್ನ ಕಾಲ ಕೆಳಗಿನ ಬ್ರೇಕನ್ನ ಇದ್ದ ಬದ್ದ ಶಕ್ತಿಯೆಲ್ಲಾ ಹಾಕಿ ತುಳಿದೆ. ಕಲಿಸೋ ಗಾಡೀಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತೆ, ನನ್ನ ಕಾಲಿಗೆ ಅದೇ ಅಭ್ಯಾಸ. ಈ ಗಾಡೀಲಿ ಅಲ್ಲಿ ಬರೀ ರಬ್ಬರ್ ಚಾಪೆ ಇತ್ತು. ತುಳೀತಾನೇ ಇದ್ದೆ. ಬಾಯಿ ತೆರೆದೆ, ಕಿರುಚೋಕೆ ದನಿ ಬರ್ಲಿಲ್ಲ. ಮಗಳು ಗೇರು ಇಳಿಸಿದ್ಲು, ಇನ್ನೊಂದು ಇಳಿಸಿದ್ಲು, ಹ್ಯಾಂಡ್‌ಬ್ರೇಕು ಚೂರು ಚೂರೇ ಎಳೆದ್ಲು, ರಸ್ತೆ ರಿಪೇರಿಗೆ ಸುರಿದಿದ್ದ ಮರಳಿನ ಗುಡ್ಡೆಗೆ ಗಾಡಿ ನುಗ್ಗಿಸಿ ನಿಲ್ಲಿಸಿದ್ಲು. ಮುಂದಿನ ಗಾಜಿನ ಮೇಲೆಲ್ಲಾ ಮರಳು. ಮರಳಿನ ಆಚೆ ಏನಿತ್ತು ಅಂತ ನಾನು ಇಳಿದ ಮೇಲೆ ನೋಡಿದೆ. ನೋಡಬಾರದಾಗಿತ್ತು.

"ಅಮ್ಮಾ, ಕಾಲು ತೆಗಿ," ಅಂದಿದ್ಲು ಅವಳು, ನಾವಿನ್ನೂ ಸೀಟಲ್ಲಿದ್ದಾಗ. ನಾನು ಇನ್ನೂ ಆ ಚಾಪೆ ತುಳೀತಾನೇ ಇದ್ದೆ.

ಫೋನ್ ಮಾಡಿದ್ದಕ್ಕೆ ಅಣ್ಣ ಎದ್ನೋ ಬಿದ್ನೋ ಅಂತ ಓಡಿ ಬಂದ. ಗಾಡಿ ನೋಡಿ ತಲೆ ಚಚ್ಕೊಂಡ. "ನನಗೊಂದು ಮಾತು ಹೇಳಬಾರದಾಗಿತ್ತಾ? ಇದರ ಬ್ರೇಕ್ ಪ್ಯಾಡು ಸವೆದು ತಗಡಾಗಿದೆ ಕಣೇ! ತಮ್ಮ ಊರೊಳಗೆ ನಿಧಾನ ಓಡಿಸ್ತಾನೆ, ನಡೀತಿತ್ತು."

"ಹೋದ ತಿಂಗಳು ತಾನೇ ಟೆಸ್ಟು ಪಾಸಾಗಿದೆ?"

"ಟೈರ್ ಜೊತೆ ಪ್ಯಾಡೂ ಹಾಕ್ತೀನಿ, ಬಂದ್ಮೇಲೆ ತೆಗಿತೀನಿ. ಬೀಗರು ಒಬ್ಬರೇ ಬರ್ತಾರಾ?" ಅಂದ. ಅಭ್ಯಾಸಬಲ, ಇಂಥಾ ಹೊತ್ತಲ್ಲೂ ಆ ನಗೆಮಾತು ಬಂತು ಅವನ ಬಾಯಿಗೆ. ಆಮೇಲೆ ನೆಲ ನೋಡ್ಕೊಂಡು, "ನಿನ್ನ ಗಾಡಿಗೂ ಹಾಗೇ ಮಾಡ್ತೀನಿ," ಅಂತ ಸೇರಿಸಿದ.

ನನ್ನ ಗಾಡಿಗೆ! ಊರ ಮಕ್ಕಳನ್ನೆಲ್ಲಾ ಕೂರಿಸ್ಕೊಂಡು ಬ್ರೇಕ್ ಬ್ರೇಕ್ ಅಂತ ಬಾಯಿ ಬಡ್ಕೊಳ್ಳೋ ಗಾಡಿಗೆ! "ಯಾಕೋ ಹೇಳ್ಲಿಲ್ಲ ನನಗೆ?" ಅಂತ ಅವನ ಅಂಗಿ ಹಿಡಿದೆ.

"ನೀನು ಯಾವತ್ತು ಕೇಳಿದ್ದೆ? 'ಪಾಸಾಯ್ತಾ' ಅಂತ ಮಾತ್ರ ಕೇಳ್ತಿದ್ದೆ," ಅಂದ ಅಣ್ಣ.

ಅಂಗಿ ಬಿಟ್ಟೆ. ಸತ್ಯ ತಾನೇ. ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೋರ ಎಲೇಲಿ ನೊಣ ತೋರಿಸಿದ್ರಂತೆ, ಆ ಗಾದೆ ನನಗೇ ಮಾಡಿದ್ದು. ಮಗಳು ರಸ್ತೆ ಬದಿ ಕಲ್ಲಿನ ಮೇಲೆ ಕೂತು ಕನ್ನಡಕದವರ ಗಾಡಿಯ ತಪಾಸಣೆಗಳನ್ನ ಮತ್ತೆ ತೆಗೆದಿದ್ಲು. "ಬ್ರೇಕ್ ಪ್ಯಾಡು ಎರಡು ವರ್ಷದ ಹಿಂದೆ ಫೇಲಾಗಿ ಹೊಸದು ಹಾಕ್ಸಿದಾರೆ. ಪೈಪು ಅದಕ್ಕೂ ಮುಂಚೆ. ಏನೇನು ಕೆಟ್ಟಿತ್ತು, ಏನೇನು ಮಾಡಿಸಿದ್ರು, ಎಲ್ಲಾ ಇದೆ ಅಮ್ಮಾ ಇಲ್ಲಿ," ಅಂದ್ಲು. ಅವಳ ದನೀಲಿ ಸಿಟ್ಟಿರ್ಲಿಲ್ಲ. ಇದ್ದಿದ್ರೆ ನನಗೆ ಸ್ವಲ್ಪ ಹಗುರ ಆಗ್ತಿತ್ತು. "ಚಿಕ್ಕಮಾಮನ ಗಾಡೀದ್ರಲ್ಲಿ ಏನಿದೆ ಹೇಳು? ಏನೂ ಇಲ್ಲ."

ಆಯ್ತು, ಹೋಗಿ ಕೇಳೋಣ, ಆ ಗಾಡೀನೇ ತಗೊಳ್ಳೋಣ ಅಂದೆ. ತಿಂಗಳು ಮುಗಿಯೋಕೆ ಬಂದಿತ್ತು, ಬೇರೆ ದಾರೀನೂ ಇರ್ಲಿಲ್ಲ. ಹೇಳೋದು ಸುಲಭ. ಹೊರಡೋಕೆ ಮಾತ್ರ ಮನಸ್ಸು ಬರ್ಲಿಲ್ಲ. ಇವತ್ತು ತಲೆನೋವು ಅಂದೆ, ನಾಳೆ ಪಾಠ ಇದೆ ಅಂದೆ. ನನ್ನ ಗಾಡಿಗೆ ಹೊಸ ಪ್ಯಾಡು, ಹೊಸ ಟೈರು ಹಾಕೋ ತನಕ ಪಾಠ ನಿಲ್ಲಿಸಿದ್ದೆ ಅಂತ ಅವಳಿಗೂ ಗೊತ್ತಿತ್ತು. ಆ ಗಾಡಿ ಇಷ್ಟ್ರಲ್ಲೇ ಬೇರೆ ಯಾರಿಗಾದ್ರೂ ಮಾರಿ ಹೋಗಿರ್ಲಿ, ಮುಖ ತೋರಿಸೋದಾದ್ರೂ ತಪ್ಪುತ್ತೆ ಅಂತಾನೂ ಒಳಗೊಳಗೇ ಬೇಡ್ಕೊಂಡೆ. ಮಗಳ ಕೆಲಸ ಹೋದ್ರೂ ಪರವಾಗಿಲ್ಲ, ನನ್ನ ಮುಖ ಉಳೀಲಿ ಅಂತ ತಾಯಿಯಾದವಳು ಬೇಡ್ಕೊಂಡಿದ್ದು. ಇದನ್ನ ಇಲ್ಲೀವರೆಗೂ ಯಾರಿಗೂ ಹೇಳಿಲ್ಲ.

ಕೊನೆಗೆ ಅವಳೇ ಕೈ ಹಿಡಿದು ಕರ್ಕೊಂಡು ಹೋದ್ಲು. ಅದೇ ಅಂಗಳ, ಅದೇ ಬಾಲ್ಕನಿ. ಗಾಡಿ ಅಲ್ಲೇ ಇತ್ತು. ಬೂಟಿನವನು ಮೇಲಿಂದ ಕೂಗಿದ, "ಟೀಚರ್, ಫೇಲ್ ಗಾಡಿ ಈಗ ಪಾಸಾಗಿದೆ, ಬನ್ನಿ ಬನ್ನಿ!" ಇಷ್ಟು ದಿನಾನೂ ಆ ಮನುಷ್ಯನನ್ನ ಹೀಗೇ ಕೂಗಿ ಕೂಗಿ ರೇಗಿಸಿದಾರೆ ಅಂತ ಅದೊಂದು ಮಾತಲ್ಲೇ ಗೊತ್ತಾಯ್ತು.

ಕನ್ನಡಕದವರು ಬಾಗಿಲು ತೆಗೆದ್ರು. ನಾನು ಬಾಯಿ ತೆರೆಯೋಕೆ ಮುಂಚೇನೇ ಫೋನ್ ನನ್ನ ಮುಂದೆ ಹಿಡಿದ್ರು.

"ನೀವು ಬಂದಿದ್ದು ಒಳ್ಳೇದಾಯ್ತು. ನೋಡಿಮ್ಮಾ, ಈ ಸಲ ಪಾಸು. ಮೊದಲನೇ ಸಲಕ್ಕೇ ಪಾಸು."

ನೋಡಿದೆ. ಅಷ್ಟು ವರ್ಷದ ಫೇಲುಗಳ ಮೇಲೆ, ಎಲ್ಲಕ್ಕಿಂತ ಮೇಲೆ, ಒಂದು ಖಾಲಿ ಪಾಸು. ನಮ್ಮನೆ ಗಾಡಿಗಳದ್ದು ಇರೋ ಥರಾನೇ.

ಅವರ ಹೆಂಡತಿ ಒಳಗಿಂದ ಬಂದು ಗಂಡನ ಹಿಂದೆ ನಿಂತ್ರು. ಕೂರಿ ಅಂತ ಹೇಳ್ಲಿಲ್ಲ, ಯಾಕೆ ಹೇಳ್ತಾರೆ? "ಹೇಳಿ, ಹೇಗೆ ಪಾಸಾಯ್ತು ಅಂತಾನೂ ಹೇಳಿ ಅವರಿಗೆ," ಅಂದ್ರು ಗಂಡನಿಗೆ. "ಇಷ್ಟು ವರ್ಷದಲ್ಲಿ ಇಂಥದ್ದೊಂದು ಕೆಲಸ ಮಾಡಿದವರಲ್ಲ ಇವರು. ಅವತ್ತಿಂದ ನೆಟ್ಟಗೆ ಊಟಕ್ಕೆ ಕೂತಿಲ್ಲ."

ಅವರು ತಲೆ ತಗ್ಗಿಸಿದ್ರು. "ನೀವು ಹೇಳಿದ್ದು ಸರಿ ಅನ್ನಿಸ್ತು. ಫೇಲಾಗೋ ಗಾಡೀನ ಯಾರು ತಗೋತಾರೆ? ಇಲ್ಲಿಯವರೊಬ್ಬರು ತಪಾಸಣಾ ಕೇಂದ್ರದ ಹಿಂದಿನ ಬೀದೀಲಿ ಒಂದು ಶೆಡ್ಡಿದೆ, ಅಲ್ಲಿ ಹೋಗಿ ಅಂದ್ರು. ಒಂದು ದಿನದ ಮಟ್ಟಿಗೆ ಟೈರು, ಬ್ರೇಕಿಂದೇನೋ, ಎಲ್ಲಾ ಹಾಕಿಕೊಟ್ರು, ಆಮೇಲೆ ಬಿಚ್ಕೊಂಡ್ರು. ಎಲ್ಲರೂ ಮಾಡ್ತಾರೆ ಸಾರ್, ಹೆದರಬೇಡಿ ಅಂದ್ರು."

"ಟೈರಿಗೆ ನೀಲಿ ಬೊಟ್ಟಿತ್ತಾ?" ಅಂದೆ. ಗೊತ್ತಿದ್ದೂ ಕೇಳಿದೆ.

"ಹೌದು, ಇತ್ತು," ಅಂದ್ರು ಆಶ್ಚರ್ಯದಿಂದ. "ನಿಮಗೆ ಗೊತ್ತಾ ಆ ಶೆಡ್ಡು?"

ಅಣ್ಣ ಹೊರಗಿನವರಿಗೂ ಬೀಗರನ್ನ ಕಳಿಸ್ತಾನೆ ಅಂತ ನನಗೆ ಗೊತ್ತಿರ್ಲಿಲ್ಲ. ಅದನ್ನೂ ನಾನು ಕೇಳಿರ್ಲಿಲ್ಲ. ಈ ಮನುಷ್ಯ ತನ್ನ ಪಾಡಿಗೆ ತಾನು ನೆಟ್ಟಗೆ ಇದ್ದವರು. ನನ್ನ ಬಾಯಿ ಅವರನ್ನ ನನ್ನ ಮನೆ ಬಾಗಿಲಿಗೇ ಅಟ್ಟಿತ್ತು. ಭೂಮಿ ಬಾಯಿ ಬಿಟ್ಟು ನುಂಗಬಾರದಾ ಅಂತಾರಲ್ಲ, ಅದು ಬರೀ ಮಾತಲ್ಲ. ಆ ಹೊಸ್ತಿಲ ಹತ್ರ ನಾನು ನಿಜವಾಗ್ಲೂ ನೆಲ ನೋಡ್ತಿದ್ದೆ.

ಮಗಳು ಮೆತ್ತಗೆ ಕೇಳಿದ್ಲು, "ಅಂಕಲ್, ಈ ಸಲ ಗಾಡಿಗೆ ಏನೇನು ಮಾಡಿಸಿದ್ರಿ?"

"ಏನೂ ಇಲ್ಲಮ್ಮಾ. ಪಾಸಾಯ್ತಲ್ಲ."

"ಹಾಗಾದ್ರೆ ಅದರಲ್ಲಿ ಈಗ ಏನು ಕೆಟ್ಟಿದೆ?"

ಅವರು ಕನ್ನಡಕ ತೆಗೆದು ಅಂಗಿ ತುದೀಲಿ ಒರೆಸಿದ್ರು, ಮತ್ತೆ ಹಾಕ್ಕೊಂಡ್ರು. ಅಂಗಳದಲ್ಲಿ ನಿಂತಿದ್ದ ಗಾಡೀನ ನೋಡಿದ್ರು. "ಗೊತ್ತಿಲ್ಲಮ್ಮಾ," ಅಂದ್ರು. "ಪ್ರತಿ ವರ್ಷ ಅವರು ಹೇಳ್ತಿದ್ರು. ಈ ಸಲ ಯಾರೂ ಹೇಳ್ಲಿಲ್ಲ."

ನನಗೆ ಅಳು ಬಂತು. ಅತ್ತು ತಪ್ಪಿಸ್ಕೊಳ್ಳೋದು ಇನ್ನೊಂದು ನಾಟಕ ಅನ್ನಿಸಿ ನುಂಗಿಕೊಂಡೆ. "ನಾಳೆ ಈ ಗಾಡೀನ ಇದ್ದ ಹಾಗೇ ಮತ್ತೆ ತೋರಿಸೋಣ, ನಾನೂ ಬರ್ತೀನಿ, ಅವರು ಏನು ಹೇಳ್ತಾರೋ ಅದನ್ನೆಲ್ಲಾ ನಾವೇ ಮಾಡಿಸ್ತೀವಿ, ಗಾಡಿ ನಮಗೇ ಬೇಕು," ಅಂತ ಒಂದೇ ಉಸಿರಲ್ಲಿ ಹೇಳಿದೆ.

"ಫೇಲಾದ್ರೆ?" ಅಂದ್ರು ಅವರು. ಅಂಗಳದ ಕಡೆ ಓರೆಗಣ್ಣಲ್ಲಿ ನೋಡಿದ್ರು. ನಾನು ಕಲಿಸಿಕೊಟ್ಟ ಹೆದರಿಕೆ ಅದು.

ನಾನು ಮೆಟ್ಟಿಲಿಳಿದು ಗಾಡಿ ಪಕ್ಕ ನಿಂತೆ. ಅವರೂ ಹಿಂದೆ ಬಂದ್ರು, ಹೆಂಡತಿ ಮೆಟ್ಟಿಲ ಮೇಲೇ ಉಳಿದ್ರು. ತಪ್ಪೊಪ್ಪಿಕೊಳ್ಳೋ ಮಾತನ್ನ ದಾರಿಯುದ್ದಕ್ಕೂ ಜೋಡಿಸ್ಕೊಂಡು ಬಂದಿದ್ದೆ, ಟೈರಿನ ಮಾತು ಮಾತ್ರ ಈಗ ಸೇರ್ಕೊಂಡಿತ್ತು. "ತಪ್ಪಾಯ್ತು ನನ್ನದು. ಆ ಟೈರು ನಮ್ಮದು," ಅಂದೆ. ಅಂದೆನೋ ಇಲ್ವೋ, ನನಗೇ ಕೇಳಿಸ್ಲಿಲ್ಲ. ಬಾಲ್ಕನಿಯವನು ಉಜ್ಜೋದು ನಿಲ್ಲಿಸಿ ಬಗ್ಗಿ ನೋಡ್ತಿದ್ದ. ಮೇಲೆ ಒಂದೆರಡು ಕಿಟಕಿ ಅರ್ಧ ತೆರೆದಿತ್ತು.

"ಏನಂದ್ರಿ?" ಅಂತ ಕನ್ನಡಕದವರು ಕಿವಿ ಮುಂದೆ ತಂದ್ರು.

ಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು. "ಜೋರಾಗಿ ಹೇಳಮ್ಮಾ," ಅಂದ್ಲು. "ಅವತ್ತು ಹೇಳಿದಷ್ಟೇ ಜೋರಾಗಿ."

ಹೇಳಿದೆ. ಶೆಡ್ಡು ನನ್ನಣ್ಣಂದು, ಟೈರು ನಮ್ಮದು, ನನ್ನ ಗಾಡಿ ಒಂದು ವರ್ಷಾನೂ ತನ್ನ ಕಾಲ ಮೇಲೆ ನಿಂತು ಪಾಸಾಗಿಲ್ಲ, ಈ ಅಂಗಳದಲ್ಲಿ ಸುಳ್ಳಿಲ್ಲದ ಗಾಡಿ ಅಂತ ಒಂದಿದ್ರೆ ಅದು ಇದೇ ಆಗಿತ್ತು, ಅದನ್ನ ಕೆಡಿಸಿದ್ದು ನಾನು ಅಂದೆ. ಯಾರೂ ನಗ್ಲಿಲ್ಲ. ನಾಲ್ಕನೇ ಅಂತಸ್ತಲ್ಲಿ ತಡವಾಗಿ ಕಿಟಕಿ ತೆರೆದ ಹೆಂಗಸೊಬ್ಬಳು, "ಏನಾಯ್ತು ಟೀಚರ್, ಯಾರಿಗೆ ಬೈತಿದೀರಾ?" ಅಂತ ಕೇಳಿದ್ಲು. ನಾನು ಮತ್ತೆ ಮೊದಲಿಂದ ಹೇಳೋಕೆ ಶುರು ಮಾಡಿದೆ.